ರಣಹದ್ದಿನ ಸಾವು, ತಂದೆಯಿಲ್ಲದ ಮರಿ: ಮೂರು ಅಧ್ಯಯನಗಳ ಟಿಪ್ಪಣಿ

ಮಾಟುಂಗದ ನಮ್ಮ ಭಾನುವಾರದ ಓದಿನ ಬಳಗದಲ್ಲಿ ಈ ಸಲ ನನ್ನ ಪಾಲಿಗೆ ಬಂದದ್ದು ರಣಹದ್ದು. ಬರಲಾಗದವರಿಗೆ ಈ ಟಿಪ್ಪಣಿ. ಮುಂಬಯಿಯವರಿಗೆ ಇದು ದೂರದ ವಿಷಯವೇನಲ್ಲ. ಪಾರ್ಸಿಗಳು ತಮ್ಮವರ ಹೆಣಗಳನ್ನು ಹದ್ದುಗಳಿಗೆಂದು ಇಡುವ ಮಲಬಾರ್ ಹಿಲ್‌ನ ಡೂಂಗರ್‌ವಾಡಿಗೆ ಹದ್ದು ಬರುವುದು ನಿಂತಮೇಲೆ ಅವರು ಅಲ್ಲಿ ಬಿಸಿಲು ಕೇಂದ್ರೀಕರಿಸುವ ಫಲಕ ಹಾಕಿಸಬೇಕಾಯಿತು. ರಾಜಸ್ಥಾನದ ಭರತ್‌ಪುರದಲ್ಲಿ ರಣಹದ್ದುಗಳ ಸಂಖ್ಯೆಯ ಕುಸಿತವನ್ನು ದಾಖಲಿಸಿದ ವಿಭು ಪ್ರಕಾಶ್ ಕೂಡ ಇದೇ ಊರಿನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇ. 99.9ರಷ್ಟು ಇಲ್ಲವಾಯಿತು.

ಮೊದಲನೆಯದು 2004ರ ಅಧ್ಯಯನ, ನಡೆದದ್ದು ಪಾಕಿಸ್ತಾನದಲ್ಲಿ. ಹಳೆಯದೇ, ಆದರೆ ಇದು ತಿಳಿಯದೆ ಉಳಿದವು ಅರ್ಥವಾಗುವುದಿಲ್ಲ. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರೆ ಯಕೃತ್ತು, ಹೃದಯಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ. ನಮ್ಮ ದೇಹ ಸಾರಜನಕದ ಕಸವನ್ನು ಯೂರಿಯಾ ಆಗಿ ಹೊರಹಾಕುತ್ತದೆ, ಹಕ್ಕಿಗಳು ಯೂರಿಕ್ ಆಮ್ಲವಾಗಿ. ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ದಾದರ್ ಕಬೂತರ್‌ಖಾನಾದ ಸುತ್ತ ನೆಲಕ್ಕೆ ಅಂಟಿರುತ್ತಿದ್ದ ಬಿಳಿ ಹಿಕ್ಕೆ ನೆನಪಿರಬಹುದು, ಅದೇ ಇದು. ಮೂತ್ರಪಿಂಡ ಕೆಟ್ಟರೆ ಈ ಆಮ್ಲ ಹೊರಹೋಗದೆ ಒಳಗಿನ ಅಂಗಗಳ ಮೇಲೆ ಹರಳುಗಟ್ಟುತ್ತದೆ.

ಮೂತ್ರಪಿಂಡ ಕೆಡಿಸಿದ್ದು ಯಾವುದು? ವೈರಸ್, ಕೀಟನಾಶಕ, ಸೀಸ ಎಲ್ಲ ಹುಡುಕಿದರು, ಸಿಗಲಿಲ್ಲ. ಆಮೇಲೆ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು: ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ವಿಚಾರಿಸಿದರು. ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ, ದನಕ್ಕೆ ಕೊಡುವ ಮದ್ದು ಯಾವುದು? ಬಂದ ಉತ್ತರ, ನೋವಿನ ಔಷಧ ಡೈಕ್ಲೋಫೆನಾಕ್. ಬಿಳಿ ಪುಡಿ ಕಂಡ 25 ಹಕ್ಕಿಗಳಲ್ಲಿ 25ರಲ್ಲೂ ಅದು ಸಿಕ್ಕಿತು, ಪುಡಿ ಇಲ್ಲದ 13ರಲ್ಲಿ ಒಂದರಲ್ಲೂ ಇಲ್ಲ. ಅಷ್ಟಕ್ಕೇ ನಿಲ್ಲದೆ, ಔಷಧ ಕೊಟ್ಟ ಎಮ್ಮೆ, ಆಡುಗಳ ಮಾಂಸವನ್ನು ಸಾಕಿದ ಹದ್ದುಗಳಿಗೆ ತಿನ್ನಿಸಿ ಅದೇ ಲಕ್ಷಣ ಬರುವುದನ್ನೂ ತೋರಿಸಿದರು. ಎರಡು ಸಂಗತಿ ಒಟ್ಟಿಗೆ ಕಾಣುವುದು ಬೇರೆ, ಪ್ರಯೋಗ ಮಾಡಿ ತೋರಿಸುವುದು ಬೇರೆ. ಇಲ್ಲಿ ಎರಡೂ ಇವೆ.

2006ರಲ್ಲಿ ಭಾರತ ದನಗಳಿಗೆ ಈ ಔಷಧ ಕೊಡುವುದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ಇದೇ ಔಷಧದ ದೊಡ್ಡ ಸೀಸೆಗಳೇ ಕೊಟ್ಟಿಗೆಗೆ ಹೋಗತೊಡಗಿದಾಗ, 2015ರಲ್ಲಿ ಸೀಸೆಯ ಗಾತ್ರ 3 ಮಿ.ಲೀ.ಗೆ ಇಳಿಯಿತು. ದನದ ದೇಹದಲ್ಲಿ ಡೈಕ್ಲೋಫೆನಾಕೇ ಆಗಿ ಮಾರ್ಪಡುವ ಅಸೆಕ್ಲೋಫೆನಾಕ್‌ಗೆ ಮಾತ್ರ 2023ರವರೆಗೆ ತಡೆಯಿರಲಿಲ್ಲ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಇದೆಯೆಂದು 2006ರಲ್ಲೇ ಗೊತ್ತಿತ್ತು!

ಎರಡನೆಯದು 2024ರದು, ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಮಾಡಿದ್ದು. ಮೊದಲಿನಿಂದ ಹದ್ದುಗಳಿಗೆ ಹೇಳಿಮಾಡಿಸಿದಂತಿದ್ದ ಜಿಲ್ಲೆಗಳನ್ನೂ ಹಾಗಿಲ್ಲದ ಜಿಲ್ಲೆಗಳನ್ನೂ, ಔಷಧ ಅಗ್ಗವಾಗುವ ಮುಂಚೆ ಮತ್ತು ಆಮೇಲೆ ಹೋಲಿಸಿದರು. ಹದ್ದಿನ ಜಿಲ್ಲೆಗಳಲ್ಲಿ ಮನುಷ್ಯರ ಸಾವಿನ ಪ್ರಮಾಣ ಶೇ. 4ಕ್ಕಿಂತ ಹೆಚ್ಚು ಏರಿತ್ತು. 2000–2005ರಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಎಂಬುದು ಅವರ ಲೆಕ್ಕ. ತಿನ್ನಲು ಹದ್ದಿಲ್ಲದೆ ಕೊಳೆಯುವ ದನದ ಹೆಣ, ಕೆಟ್ಟ ನೀರು, ಬೀದಿನಾಯಿ, ರೇಬೀಸ್ ಇದರ ದಾರಿಗಳು. ಪರೀಕ್ಷೆಯಲ್ಲಿ ಬರೆಯುವವರು ‘ಅಂದಾಜು’ ಎನ್ನುವುದನ್ನು ಬಿಡಬೇಡಿ, ಇದು ಹೆಣ ಎಣಿಸಿ ಬಂದ ಸಂಖ್ಯೆಯಲ್ಲ.

ಮೂರನೆಯದು 2021ರದು, ಕ್ಯಾಲಿಫೋರ್ನಿಯಾದ ಕಾಂಡೋರ್ ಕುರಿತು. (ನಮ್ಮ ರಣಹದ್ದಿಗೆ ಅದು ಹತ್ತಿರದ ನಂಟನಲ್ಲ, ಸತ್ತ ಪ್ರಾಣಿಗಳನ್ನು ತಿನ್ನುವ ಕಸುಬು ಮಾತ್ರ ಒಂದೇ.) 1982ರಲ್ಲಿ 22ಕ್ಕೆ ಇಳಿದಿದ್ದ ಈ ಹಕ್ಕಿಯನ್ನು ಸಾಕಿ ಬೆಳೆಸುವಾಗ ಪ್ರತಿ ಮರಿಯ ಡಿಎನ್‌ಎ ದಾಖಲೆ ಇಡುತ್ತಿದ್ದರು. ಎರಡು ಗಂಡು ಮರಿಗಳಿಗೆ ಮಾತ್ರ ಯಾವ ಗಂಡಿನ ಡಿಎನ್‌ಎಯೂ ಹೊಂದಲಿಲ್ಲ. ಗೂಡಿನಲ್ಲಿ ಗಂಡು ಇದ್ದೂ ಮೊಟ್ಟೆಗಳು ತಾವೇ ಬೆಳೆದಿದ್ದವು.

ಗಂಡೇ ಯಾಕೆ? ಹಕ್ಕಿಗಳಲ್ಲಿ ಹೆಣ್ಣಿಗೆ ಝಡ್ ಮತ್ತು ಡಬ್ಲ್ಯೂ ವರ್ಣತಂತು, ಗಂಡಿಗೆ ಎರಡೂ ಝಡ್. ಅಂಡಾಣುವಿಗೆ ಬರುವುದು ಅರ್ಧ ಪಾಲು. ವೀರ್ಯಾಣು ಇಲ್ಲದೆ ಆ ಅರ್ಧವೇ ಇಮ್ಮಡಿಯಾದರೆ, ಅಥವಾ ಅಂಡಾಣು ರೂಪುಗೊಳ್ಳುವಾಗ ಬೇರ್ಪಟ್ಟು ಕಳೆದುಹೋಗಬೇಕಿದ್ದ ಪುಟ್ಟ ಕೋಶದೊಂದಿಗೆ (ಪೋಲಾರ್ ಬಾಡಿ) ಕೂಡಿಕೊಂಡರೆ, ಸಿಗುವುದು ಎರಡು ಝಡ್ ಇಲ್ಲವೇ ಎರಡು ಡಬ್ಲ್ಯೂ. ಎರಡನೆಯದು ಬದುಕುವುದಿಲ್ಲ.

‘ಹಾಗಾದರೆ ಗಂಡಿಲ್ಲದೆಯೂ ಸಂತತಿ ಉಳಿಯುತ್ತದಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಡಿಎನ್‌ಎಯಲ್ಲಿ ಪರೀಕ್ಷಿಸಿದ ಒಂದೊಂದು ಜಾಗದಲ್ಲೂ ಈ ಮರಿಗಳಲ್ಲಿದ್ದ ಎರಡು ನಕಲುಗಳು ಒಂದೇ ಬಗೆಯವು, ಅಂದರೆ ಒಂದರ ದೋಷ ಮುಚ್ಚಲು ಇನ್ನೊಂದಿಲ್ಲ. ಒಂದು ಮರಿ ಎರಡು ವರ್ಷ ತುಂಬುವ ಮೊದಲೇ, ಇನ್ನೊಂದು ಎಂಟು ತುಂಬುವ ಮೊದಲು ಸತ್ತಿತು. ಎರಡಕ್ಕೂ ಮರಿಗಳಾಗಲಿಲ್ಲ.