‘ಫ್ಯಾಕ್ಟರಿ ಗರ್ಲ್’ ನೋಡುವಾಗ ಪಕ್ಕದಲ್ಲಿ ಒಂದು ಹಾಳೆ: ಅಧ್ಯಯನ ಟಿಪ್ಪಣಿ

‘ಫ್ಯಾಕ್ಟರಿ ಗರ್ಲ್’ ಈಡಿ ಸೆಡ್ಜ್‌ವಿಕ್ ಎಂಬ ನಿಜವಾದ ಹೆಣ್ಣಿನ ಜೀವನಚಿತ್ರ. ಈ ಸಿನಿಮಾ ನೋಡುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಮಧ್ಯದಲ್ಲಿ ಒಂದು ಗೆರೆ ಎಳೆಯಿರಿ. ಈಡಿಗೆ ಯಾರೋ ಏನೋ ಮಾಡಿದರು ಅನ್ನುವ ದೃಶ್ಯ ಬಂದರೆ ಎಡಗಡೆ ಒಂದು ಗೀಟು ಹಾಕಿ. ಈಡಿ ತಾನಾಗಿ ಏನಾದರೂ ಮಾಡಿದಳು ಅನ್ನುವ ದೃಶ್ಯ ಬಂದರೆ ಬಲಗಡೆ ಒಂದು ಗೀಟು. ನಾನು ಹೀಗೆ ಮಾಡಿ ನೋಡಿದೆ. ಅರ್ಧ ಸಿನಿಮಾ ಮುಗಿಯುವ ಹೊತ್ತಿಗೆ ಎಡಗಡೆ ತುಂಬಿಹೋಗಿತ್ತು. ಬಲಗಡೆ ನಾಲ್ಕೋ ಐದೋ ಗೀಟು ಅಷ್ಟೇ. ಈ ಟಿಪ್ಪಣಿ ಹುಟ್ಟಿದ್ದು ಆ ಹಾಳೆಯಿಂದ.

ಸಿನಿಮಾದ ವಿವರ ಬೇಗ ಮುಗಿಸಿಬಿಡೋಣ. ನಿರ್ದೇಶಕ ಜಾರ್ಜ್ ಹಿಕನ್‌ಲೂಪರ್. ಈಡಿ ಸೆಡ್ಜ್‌ವಿಕ್ ಪಾತ್ರದಲ್ಲಿ ಸಿಯೆನ್ನಾ ಮಿಲ್ಲರ್, ಚಿತ್ರಕಾರ ಆಂಡಿ ವಾರ್ಹಾಲ್ ಪಾತ್ರದಲ್ಲಿ ಗಯ್ ಪಿಯರ್ಸ್. 2006ರ ಡಿಸೆಂಬರ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೆರೆಕಂಡಿತು, 2007ರ ಫೆಬ್ರವರಿಯಲ್ಲಿ ಬೇರೆ ಕಡೆಗೂ ಬಂತು. ತೆರೆಯ ಮೇಲೆ ಕಾಣುವ ನ್ಯೂಯಾರ್ಕ್‌ನ ಬಹುಪಾಲು ಲೂಸಿಯಾನಾದ ಶ್ರೀವ್‌ಪೋರ್ಟ್ ಊರಲ್ಲಿ ಚಿತ್ರೀಕರಣವಾದದ್ದು. ಕತೆ ಇಷ್ಟು: ಶ್ರೀಮಂತ ಮನೆಯ ಹುಡುಗಿ ನ್ಯೂಯಾರ್ಕ್‌ಗೆ ಬರುತ್ತಾಳೆ, ವಾರ್ಹಾಲ್ ಕಣ್ಣಿಗೆ ಬೀಳುತ್ತಾಳೆ, ಅವನ ಸಿನಿಮಾಗಳಲ್ಲಿ ನಟಿಸಿ ಒಂದೇ ವರ್ಷದಲ್ಲಿ ತಾರೆಯಾಗುತ್ತಾಳೆ. ಒಬ್ಬ ಸಂಗೀತಗಾರನನ್ನು ಪ್ರೀತಿಸುತ್ತಾಳೆ, ವಾರ್ಹಾಲ್ ದೂರವಾಗುತ್ತಾನೆ, ಮಾದಕವಸ್ತು ಅವಳನ್ನು ನುಂಗುತ್ತದೆ. ಇದನ್ನೆಲ್ಲ ಅವಳೇ ಆಸ್ಪತ್ರೆಯಲ್ಲಿ ಕೂತು ನೆನಪಿಸಿಕೊಳ್ಳುವ ಹಾಗೆ ಕಟ್ಟಿದ್ದಾರೆ.

ಸಿಯೆನ್ನಾ ಮಿಲ್ಲರ್ ನಟನೆ ನನಗೆ ತುಂಬಾ ಇಷ್ಟವಾಯಿತು. ಆ ನಗು, ಸಿಗರೇಟು ಹಿಡಿಯುವ ರೀತಿ, ಮಾತಿನ ನಡುವೆ ಸುಮ್ನೆ ಕಳೆದುಹೋಗುವ ಕಣ್ಣು, ಎಲ್ಲದರಲ್ಲೂ ಜೀವ ಇದೆ. ನನ್ನ ತಕರಾರು ಚಿತ್ರಕತೆಯ ಮೇಲೆ.

ತಾರೀಖುಗಳು ಹೇಳುವುದು

ಜೀವನಚಿತ್ರದ ಬಗ್ಗೆ ಬರೆಯುವಾಗ ಎಲ್ಲಕ್ಕಿಂತ ಮೊದಲು ತಾರೀಖು ಜೋಡಿಸಿಕೊಳ್ಳಿ. ಸಿನಿಮಾ ‘ಇದರಿಂದ ಇದಾಯಿತು’ ಅನ್ನುವ ಸರಪಳಿ ಹೆಣೆಯುತ್ತದೆ. ಅದರ ಕೊಂಡಿ ಎಲ್ಲಿ ಸಡಿಲ ಅಂತ ತಾರೀಖು ತೋರಿಸಿಕೊಡುತ್ತದೆ.

ಈಡಿ ಹುಟ್ಟಿದ್ದು 1943ರ ಏಪ್ರಿಲ್ 20ರಂದು, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವಳು. ಮನೆತನ ಮ್ಯಾಸಚೂಸೆಟ್ಸ್‌ನದು, ಬಹಳ ಹಳೆಯದು. ಅಲ್ಲಿನ ಸ್ಟಾಕ್‌ಬ್ರಿಜ್ ಊರಲ್ಲಿ ಸೆಡ್ಜ್‌ವಿಕ್‌ರಿಗೇ ಅಂತ ಒಂದು ಸಮಾಧಿ ಜಾಗ ಇದೆ. ಮೂಲಪುರುಷನ ಸಮಾಧಿ ನಡುವೆ, ಮಿಕ್ಕವರದು ಸುತ್ತಲೂ ವೃತ್ತವಾಗಿ. ಇಂಥ ಮನೆತನದ ಮಕ್ಕಳು ಕ್ಯಾಲಿಫೋರ್ನಿಯಾದ ದೊಡ್ಡ ಜಾನುವಾರು ರ‍್ಯಾಂಚ್‌ನಲ್ಲಿ, ಹೊರಗಿನ ಜನರ ಒಡನಾಟ ಇಲ್ಲದೆ ಬೆಳೆದರು. ತಂದೆಯಿಂದ ತನಗೆ ಲೈಂಗಿಕ ಹಿಂಸೆಯಾಗಿತ್ತು ಎಂದು ಈಡಿ ಮುಂದೆ ಹೇಳಿಕೊಂಡಿದ್ದಳು. 1962ರಲ್ಲಿ, ಹತ್ತೊಂಬತ್ತರ ಆಸುಪಾಸಿನಲ್ಲಿ, ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದ ಅವಳನ್ನು ಕನೆಕ್ಟಿಕಟ್‌ನ ಸಿಲ್ವರ್ ಹಿಲ್ ಮನೋರೋಗ ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಶಿಲ್ಪಕಲೆ ಕಲಿತಳು. 1964ರಲ್ಲಿ ಅಣ್ಣ ಮಿಂಟಿ ಆತ್ಮಹತ್ಯೆ ಮಾಡಿಕೊಂಡ. 1965ರ ಜನವರಿಯಲ್ಲಿ ಇನ್ನೊಬ್ಬ ಅಣ್ಣ ಬಾಬಿ ಬೈಕ್ ಅಪಘಾತದಲ್ಲಿ ತೀರಿಕೊಂಡ.

ವಾರ್ಹಾಲ್ ಪರಿಚಯವಾದದ್ದು ಇದಾದ ಮೇಲೆ, 1965ರ ಆರಂಭದಲ್ಲಿ.

ಅಂದರೆ ಗಾಯ ಮೊದಲೇ ಇತ್ತು. ಸಿನಿಮಾ ಇದನ್ನೆಲ್ಲ ಮುಚ್ಚಿಡುವುದಿಲ್ಲ, ತಂದೆಯ ವಿಷಯವೂ ಅಣ್ಣನ ಸಾವೂ ಬರುತ್ತವೆ. ಆದರೆ ಅವು ಮಾತಿನಲ್ಲಿ ಬಂದು ಹೋಗುತ್ತವೆ. ಕಣ್ಣಿಗೆ ಕಟ್ಟುವಂತೆ ನಡೆಯುವುದು ವಾರ್ಹಾಲ್‌ನ ತಣ್ಣನೆಯ ಮುಖ. ನೋಡುಗರು ಯಾರ ಮೇಲೆ ಸಿಟ್ಟಾಗುತ್ತಾರೆ? ಕಣ್ಣೆದುರು ಇದ್ದವನ ಮೇಲೆ ತಾನೆ? ಸಿನಿಮಾದಲ್ಲಿ ಹೊಣೆ ಹಂಚುವುದು ಸಂಭಾಷಣೆಯಲ್ಲ, ಯಾರಿಗೆ ಎಷ್ಟು ಹೊತ್ತು ತೆರೆ ಸಿಕ್ಕಿತು ಅನ್ನುವ ಲೆಕ್ಕ. ಪರೀಕ್ಷೆಯಲ್ಲಿ ಜೀವನಚಿತ್ರದ ಪ್ರಶ್ನೆ ಬಂದರೆ ಈ ಅಂಶ ಬಿಡಬೇಡಿ.

ವಾರ್ಹಾಲ್ ಜೊತೆಗಿನ ಗಾಢ ಒಡನಾಟ ಸುಮಾರು ಒಂದು ವರ್ಷದ್ದು. 1966ರ ಹೊತ್ತಿಗೆ ಅದು ಮುರಿದಿತ್ತು. ಅವಳು ಬದುಕಿದ್ದು 1971ರ ನವೆಂಬರ್‌ವರೆಗೆ. ಆ ಐದು ವರ್ಷಕ್ಕೆ ಸಿನಿಮಾ ಕೊಡುವ ಜಾಗ ತೀರಾ ಕಡಿಮೆ. ನ್ಯೂಯಾರ್ಕ್‌ನ ಚೆಲ್ಸೀ ಹೋಟೆಲಿನ ಅವಳ ಕೋಣೆಗೆ ಬೆಂಕಿ ಬಿತ್ತು. ಆಸ್ಪತ್ರೆಗಳ ಮೇಲೆ ಆಸ್ಪತ್ರೆಗಳಾದವು. ‘ಚಾವ್! ಮ್ಯಾನ್‌ಹಟನ್’ ಎಂಬ ಇನ್ನೊಂದು ಸಿನಿಮಾದಲ್ಲಿ ವರ್ಷಗಟ್ಟಲೆ ನಟಿಸಿದಳು, ಅದು ತೆರೆಕಂಡಿದ್ದು ಅವಳು ಸತ್ತ ಮೇಲೆ, 1972ರಲ್ಲಿ. 1971ರ ಜುಲೈನಲ್ಲಿ ಆಸ್ಪತ್ರೆಯಲ್ಲೇ ಪರಿಚಯವಾದ ಯುವಕನನ್ನು ಮದುವೆಯಾದಳು. ವಾರ್ಹಾಲ್ ಇಲ್ಲದ ಈಡಿಯ ಕತೆ ಹೇಳುವುದು ಹೇಗೆಂದು ಈ ಚಿತ್ರಕತೆಗೆ ಹೊಳೆದಿಲ್ಲ ಅಂತ ನನಗೆ ಅನಿಸುತ್ತದೆ.

ಮ್ಯೂಸ್ ಅಂದರೆ ಯಾರು

ಈಡಿಯನ್ನು ವಾರ್ಹಾಲ್‌ನ ‘ಮ್ಯೂಸ್’ ಅಂತ ಕರೆಯುತ್ತಾರೆ. ನಮ್ಮ ಹಳೆಯ ಕವಿಗಳು ಸರಸ್ವತಿಯನ್ನು ನೆನೆದು ಕಾವ್ಯ ಶುರು ಮಾಡಿದರು. ಗ್ರೀಕರಿಗೆ ಆ ಜಾಗದಲ್ಲಿ ಒಂಬತ್ತು ಜನ ಮ್ಯೂಸ್‌ಗಳು, ಕಲೆಗಳನ್ನು ಕಾಯುವ ದೇವತೆಗಳು. ಮುಂದೆ ಯೂರೋಪಿನಲ್ಲಿ ಈ ಮಾತು ದೇವತೆಯಿಂದ ಇಳಿದು, ಕಲಾವಿದನಿಗೆ ಸ್ಫೂರ್ತಿ ಕೊಡುವ ಹೆಣ್ಣಿಗೆ ಅಂಟಿಕೊಂಡಿತು. ಕನ್ನಡದಲ್ಲಿ ಸ್ಫೂರ್ತಿದೇವತೆ ಅನ್ನುತ್ತೇವೆ. ಇದರ ಪಕ್ಕಕ್ಕೆ ‘ರೂಪದರ್ಶಿ’ ಅನ್ನುವ ಮಾತನ್ನು ಇಟ್ಟು ನೋಡಿ. ರೂಪದರ್ಶಿಯದು ಕೆಲಸ. ಇಷ್ಟು ಗಂಟೆ ಕೂತರೆ ಇಷ್ಟು ದುಡ್ಡು. ಸ್ಫೂರ್ತಿದೇವತೆಗೆ ಕೂಲಿ ಇಲ್ಲ. ಅವಳು ಮಾಡಿದ್ದು ಕೆಲಸ ಅಂತ ಯಾರೂ ಲೆಕ್ಕ ಹಿಡಿಯುವುದಿಲ್ಲ, ಅವಳು ಸುಮ್ನೆ ಇದ್ದಳು, ಕಲಾವಿದನಿಗೆ ಹೊಳೆಯಿತು, ಅಷ್ಟೇ.

ಈಡಿಯ ದುಡ್ಡಿನ ಕತೆ ಇಲ್ಲೇ ಇದೆ. ಅಜ್ಜಿಯಿಂದ ಬಂದ ಆಸ್ತಿಯ ಹಣ ಅವಳ ಕೈಯಲ್ಲಿತ್ತು. ಅದು ಬಟ್ಟೆಗೆ, ಟ್ಯಾಕ್ಸಿಗೆ, ವಾರ್ಹಾಲ್ ಸುತ್ತಲಿನ ಇಡೀ ಗುಂಪಿನ ಹೋಟೆಲ್ ಬಿಲ್ಲಿಗೆ ಕರಗಿತು. ಸಿನಿಮಾಗಳಿಂದ ಅವಳಿಗೆ ಹೇಳಿಕೊಳ್ಳುವಂಥ ಸಂಪಾದನೆ ಆಗಲಿಲ್ಲ. ವಾರ್ಹಾಲ್‌ನ ಆ ಸಿನಿಮಾಗಳೇ ಆಗ ದುಡ್ಡು ಮಾಡುತ್ತಿರಲಿಲ್ಲ ಅನ್ನುವುದೂ ನಿಜ. ಆದರೆ ಅವುಗಳಿಂದ ಬಂದ ಹೆಸರು ಉಳಿದದ್ದು ಯಾರ ಬಳಿ?

ಅವಳು ಮಾಡಿದ್ದು ಕೆಲಸವೇ ಅನ್ನುವುದಕ್ಕೆ ಒಂದು ಪ್ರಸಂಗ. 1965ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಇನ್‌ಸ್ಟಿಟ್ಯೂಟ್ ಆಫ್ ಕಂಟೆಂಪರರಿ ಆರ್ಟ್‌ನಲ್ಲಿ ವಾರ್ಹಾಲ್ ಪ್ರದರ್ಶನ. ಜನ ಎಷ್ಟು ನುಗ್ಗಿದರೆಂದರೆ, ಹಾಳಾಗಬಾರದು ಅಂತ ಗೋಡೆಯ ಮೇಲಿನ ಚಿತ್ರಗಳನ್ನೇ ಇಳಿಸಬೇಕಾಯಿತು. ಚಿತ್ರಗಳೇ ಇಲ್ಲದ ಚಿತ್ರಪ್ರದರ್ಶನ! ಜನ ಇವರಿಬ್ಬರ ಹೆಸರು ಹಿಡಿದು ಕೂಗುತ್ತಿದ್ದರು. ಇಬ್ಬರೂ ಒಂದು ಮೆಟ್ಟಿಲ ಮೇಲೆ ಸಿಕ್ಕಿಹಾಕಿಕೊಂಡರು. ಮೈಕ್ ಹಿಡಿದು ಆ ಜನರನ್ನು ಮಾತಾಡಿಸಿದ್ದು ಈಡಿ. ಗುಲಾಬಿ ಬಣ್ಣದ ಉದ್ದನೆಯ ಉಡುಪು, ಅದಕ್ಕೆ ಮಡಚಿಡಬೇಕಾದ ಮಾರುದ್ದದ ತೋಳು. ಅವಳು ಆ ತೋಳನ್ನು ಬಿಚ್ಚಿ ಇಳಿಬಿಟ್ಟು, ಅದನ್ನೇ ಆಟದ ಸಾಮಾನು ಮಾಡಿಕೊಂಡಳು. ವಾರ್ಹಾಲ್ ನಾಚಿಕೆಯ ಮನುಷ್ಯ, ಜಾಸ್ತಿ ಮಾತಾಡುವವನಲ್ಲ. ಆ ಹೊತ್ತಿನ ಕಲಾಕೃತಿ ಯಾವುದು ಅಂತ ಕೇಳಿದರೆ ನಾನು ಈಡಿಯ ಕಡೆ ಕೈ ತೋರಿಸುತ್ತೇನೆ.

ವಾರ್ಹಾಲ್‌ನ ಕ್ಯಾಮೆರಾ ಕಂಡ ಈಡಿ

ಇದು ನನಗೆ ಬಹಳ ಮುಖ್ಯವಾದ ಭಾಗ. ನಿಧಾನವಾಗಿ ಓದಿ.

‘ಫ್ಯಾಕ್ಟರಿ’ ಅಂದರೆ ಮ್ಯಾನ್‌ಹಟನ್‌ನ ಪೂರ್ವ 47ನೇ ರಸ್ತೆಯಲ್ಲಿದ್ದ ವಾರ್ಹಾಲ್‌ನ ಸ್ಟುಡಿಯೋ. ವಾರ್ಹಾಲ್‌ನ ಸಂಗಡಿಗ ಬಿಲ್ಲಿ ನೇಮ್ ಅದರ ಗೋಡೆಗಳಿಗೆಲ್ಲ ಬೆಳ್ಳಿ ಬಣ್ಣ, ಅಲ್ಯೂಮಿನಿಯಂ ಹಾಳೆ ಹಚ್ಚಿದ್ದ. ಈಡಿಯೂ ಕೂದಲು ಕತ್ತರಿಸಿ ಬೆಳ್ಳಿ ಬಣ್ಣ ಹಾಕಿಸಿಕೊಂಡಳು. ವಾರ್ಹಾಲ್ ಆಗ 16 ಮಿಲಿಮೀಟರ್ ಕ್ಯಾಮೆರಾದಲ್ಲಿ ಸಿನಿಮಾ ತೆಗೆಯುತ್ತಿದ್ದ. ಒಂದು ರೀಲ್ ಸುಮಾರು 33 ನಿಮಿಷ. ರೀಲ್ ಮುಗಿಯುವವರೆಗೆ ಕ್ಯಾಮೆರಾ ಓಡುತ್ತಲೇ ಇರುತ್ತದೆ. ಕಟ್ ಇಲ್ಲ, ರೀಟೇಕ್ ಇಲ್ಲ.

1965ರ ‘ಪೂರ್ ಲಿಟಲ್ ರಿಚ್ ಗರ್ಲ್’ ಹಾಗೆ ತೆಗೆದದ್ದು, ಈಡಿಯ ಸ್ವಂತ ಮನೆಯಲ್ಲಿ. ಎರಡು ರೀಲ್. ಲೆನ್ಸ್ ಸರಿಯಿಲ್ಲದೆ ಮೊದಲ ರೀಲ್ ಪೂರ್ತಿ ಮಸುಕು. ಬೇರೆಯವರಾಗಿದ್ದರೆ ಎಸೆಯುತ್ತಿದ್ದರು, ವಾರ್ಹಾಲ್ ಇಟ್ಟುಕೊಂಡ. ಅರ್ಧ ಗಂಟೆ ನಮಗೆ ಕಾಣುವುದು ಒಂದು ಬೆಳ್ಳನೆಯ ಆಕಾರ. ಅದು ಏಳುತ್ತದೆ, ಫೋನಿನಲ್ಲಿ ಕಾಫಿ, ಕಿತ್ತಳೆ ರಸ ತರಿಸುತ್ತದೆ, ಸಿಗರೇಟು ಹಚ್ಚುತ್ತದೆ. ಮುಖ ಎಲ್ಲಿ ಅಂತ ನಾವೇ ಹುಡುಕಬೇಕು. ಎರಡನೇ ರೀಲ್ ಸ್ಪಷ್ಟ. ಹಠಾತ್ತಾಗಿ ರೆಪ್ಪೆ, ಕಿವಿಯೋಲೆ, ಕಪ್ಪು ಒಳ ಉಡುಪು ಎಲ್ಲ ಕಾಣುತ್ತದೆ. ಕ್ಯಾಮೆರಾದ ಆಚೆಯಿಂದ ಗೆಳೆಯ ಚಕ್ ವೀನ್ ಮಾತಾಡಿಸುತ್ತಾನೆ. ಆಸ್ತಿಯ ದುಡ್ಡೆಲ್ಲ ಖಾಲಿಯಾದ ಸಂಗತಿಯನ್ನು ಅವಳು ಬಟ್ಟೆ ಹಾಕಿ ನೋಡುತ್ತಾ ಹೇಳುತ್ತಾಳೆ. ಕತೆ ಅಂತ ಏನೂ ನಡೆಯುವುದಿಲ್ಲ. ಆದರೂ ಕಣ್ಣು ಕೀಳಲಾಗುವುದಿಲ್ಲ. ಯಾವಾಗ ಸುಮ್ಮನಾಗಬೇಕು, ಯಾವಾಗ ನಗಬೇಕು, ಯಾವಾಗ ಕ್ಯಾಮೆರಾ ಮರೆತವಳ ಹಾಗಿರಬೇಕು, ಎಲ್ಲ ಅವಳ ಕೈಯಲ್ಲಿದೆ. ಮೊದಲಿನ ಹಾಳೆಯನ್ನು ಇಲ್ಲಿ ತೆಗೆದುಕೊಳ್ಳಿ. ಗೀಟುಗಳೆಲ್ಲ ಬಲಗಡೆಗೇ ಬೀಳುತ್ತವೆ.

ಅದೇ ವರ್ಷ ತೆಗೆದ ‘ಔಟರ್ ಅಂಡ್ ಇನ್ನರ್ ಸ್ಪೇಸ್’ ಇನ್ನೂ ವಿಚಿತ್ರ. ಮೊದಲು ಈಡಿಯ ಮುಖವನ್ನು ವಿಡಿಯೋದಲ್ಲಿ ಹಿಡಿದರು. ಆ ವಿಡಿಯೋ ಟಿವಿಯಲ್ಲಿ ಓಡುತ್ತಿರುವಾಗ ಅದರ ಪಕ್ಕ ಅವಳನ್ನೇ ಕೂರಿಸಿ ಫಿಲ್ಮ್ ತೆಗೆದರು. ಹೀಗೆ ತೆಗೆದ ಎರಡು ರೀಲನ್ನು ಅಕ್ಕಪಕ್ಕ ತೋರಿಸುತ್ತಾರೆ. ಒಟ್ಟು ನಾಲ್ಕು ಈಡಿ. ಟಿವಿಯೊಳಗಿನ ತನ್ನದೇ ದನಿ ಬೆನ್ನ ಹಿಂದೆ ಪಿಸುಗುಟ್ಟಿದಂತಾಗಿ, ಎದುರಿಗೆ ಕೂತ ಈಡಿಗೆ ಕಸಿವಿಸಿ. ತನ್ನ ಬಿಂಬದ ಜೊತೆ ಬದುಕುವುದು ಎಷ್ಟು ಕಷ್ಟ ಅಂತ ‘ಫ್ಯಾಕ್ಟರಿ ಗರ್ಲ್’ ಹಲವು ಸಂಭಾಷಣೆಯಲ್ಲಿ ಹೇಳಲು ಹೋಗುತ್ತದೆ. ಇಲ್ಲಿ ಅದನ್ನು ಅವಳ ಕುತ್ತಿಗೆಯ ಒಂದು ತಿರುವು ಹೇಳಿಬಿಡುತ್ತದೆ.

ಇದರರ್ಥ ವಾರ್ಹಾಲ್ ಒಳ್ಳೆಯವನು ಅಂತಲ್ಲ. ಸಂಕಟ ಪಡುತ್ತಿರುವ ಹುಡುಗಿಯ ಮುಂದೆ ಕ್ಯಾಮೆರಾ ಓಡಿಸುತ್ತಾ ಕೂತದ್ದು ಸರಿಯೇ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ, ಉಳಿಯಬೇಕು ಕೂಡ. ಅವನ ಕ್ಯಾಮೆರಾ ಅವಳಿಗೆ ಪೂರ್ತಿ ಜಾಗ ಬಿಟ್ಟಿತು ಅನ್ನುವುದೂ ಅಷ್ಟೇ ನಿಜ. ಉತ್ತರ ಬರೆಯುವಾಗ ಎರಡನ್ನೂ ಕೈಬಿಡದೆ ಹಿಡಿದುಕೊಳ್ಳಿ.

ಹೆಸರಿಲ್ಲದ ಸಂಗೀತಗಾರ

ಹೇಡನ್ ಕ್ರಿಸ್ಟೆನ್ಸನ್ ಮಾಡಿದ ಪಾತ್ರಕ್ಕೆ ಟೈಟಲ್‌ನಲ್ಲಿ ‘ಸಂಗೀತಗಾರ’ ಅಂತ ಮಾತ್ರ ಇದೆ. ನೋಡಿದವರೆಲ್ಲ ಬಾಬ್ ಡಿಲನ್ ಎಂದೇ ಗುರುತಿಸಿದರು. ಬಿಡುಗಡೆಗೆ ಮುಂಚೆ ಡಿಲನ್ ಪರ ವಕೀಲರು ಆಕ್ಷೇಪದ ಪತ್ರವನ್ನೂ ಬರೆದರು. ಈಡಿಗೆ ನಿಜವಾಗಿ ದೀರ್ಘ ಸಂಬಂಧ ಇದ್ದದ್ದು ಡಿಲನ್ ಗೆಳೆಯ ಬಾಬ್ ನ್ಯೂವರ್ತ್ ಜೊತೆ. ಇಬ್ಬರು ಮೂವರನ್ನು ಸೇರಿಸಿ ಒಂದು ಪಾತ್ರ ಮಾಡುವುದು ಜೀವನಚಿತ್ರಗಳಲ್ಲಿ ಮಾಮೂಲು. ಇಲ್ಲಿ ಅದರಿಂದ ಆದದ್ದೇನು? ಕತೆ ವಾರ್ಹಾಲ್, ಸಂಗೀತಗಾರ ಎಂಬ ಇಬ್ಬರು ಗಂಡಸರ ಹಗ್ಗಜಗ್ಗಾಟವಾಯಿತು. ಒಬ್ಬ ಸುಳ್ಳು, ಒಬ್ಬ ನಿಜ, ನಡುವೆ ಈಡಿ. ಎಡಗಡೆ ಗೀಟು ಜಾಸ್ತಿಯಾದದ್ದು ಇದರಿಂದಲೇ.

ಸಿನಿಮಾ ಮುಗಿದು ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ಅವಳನ್ನು ಹತ್ತಿರದಿಂದ ಕಂಡವರು ಮಾತಾಡುವ ತುಣುಕುಗಳಿವೆ. ಒಬ್ಬೊಬ್ಬರು ಒಂದೊಂದು ಈಡಿಯನ್ನು ನೆನೆಯುತ್ತಾರೆ. 1982ರಲ್ಲಿ ಜೀನ್ ಸ್ಟೈನ್ ತಂದ ಈಡಿಯ ಜೀವನಚರಿತ್ರೆಯೂ ಪೂರ್ತಿ ಇಂಥ ಮಾತುಗಳಿಂದಲೇ ಕಟ್ಟಿದ್ದು. ಇಡೀ ಸಿನಿಮಾವನ್ನು ಹೀಗೆ ಮಾಡಬಹುದಿತ್ತಲ್ವಾ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಕೊನೆಯ ಸಂಜೆ

ಸಾವಿನ ವಿಷಯ ಸರಿಯಾಗಿ ಬರೆಯಿರಿ. ಎಷ್ಟೋ ಕಡೆ ‘ಡ್ರಗ್ಸ್’ ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ. ನ್ಯೂಯಾರ್ಕ್ ದಿನಗಳಲ್ಲಿ ಎಚ್ಚರ ಇಡುವ ಆಂಫೆಟಮೈನ್ ಒಂದು ಕಡೆ, ನಿದ್ದೆಗೆ ಬಾರ್ಬಿಚುರೇಟ್ ಇನ್ನೊಂದು ಕಡೆ. ಬಾರ್ಬಿಚುರೇಟ್ ಮಾತ್ರೆಯನ್ನು ಆಗ ಡಾಕ್ಟರುಗಳೇ ಬರೆದುಕೊಡುತ್ತಿದ್ದರು. ಅದರ ಜೊತೆ ಮದ್ಯ ಸೇರಿದರೆ ಉಸಿರಾಟ ನಿಧಾನವಾಗುತ್ತಾ ನಿಂತೇಹೋಗಬಹುದು. 1971ರ ನವೆಂಬರ್ 16ರ ಬೆಳಿಗ್ಗೆ ಸಾಂತಾ ಬಾರ್ಬರಾದ ಮನೆಯಲ್ಲಿ ಹಾಸಿಗೆಯ ಮೇಲೆ ಅವಳು ಸತ್ತಿದ್ದಳು. ವಯಸ್ಸು 28. ಅವಳನ್ನು ಮಣ್ಣು ಮಾಡಿದ್ದು ಮನೆತನದ ಆ ವೃತ್ತದಲ್ಲಲ್ಲ, ಕ್ಯಾಲಿಫೋರ್ನಿಯಾದ ಬ್ಯಾಲರ್ಡ್ ಎಂಬ ಪುಟ್ಟ ಊರಲ್ಲಿ.

ಹಿಂದಿನ ಸಂಜೆ ಅವಳು ಊರಿನ ಮ್ಯೂಸಿಯಂನಲ್ಲಿ ಒಂದು ಫ್ಯಾಷನ್ ಶೋಗೆ ಹೋಗಿದ್ದಳು. ‘ಆನ್ ಅಮೆರಿಕನ್ ಫ್ಯಾಮಿಲಿ’ ಎಂಬ ಟಿವಿ ಸರಣಿಯವರು ಅಲ್ಲಿ ಚಿತ್ರೀಕರಣ ಮಾಡುತ್ತಿದ್ದರು. ಆ ದಿನವೂ ಅವಳ ಎದುರು ಒಂದು ಕ್ಯಾಮೆರಾ ಇತ್ತು.