ಮನೆ ನೆಟ್‌ವರ್ಕಲ್ಲಿ ಫೈಲ್ ಕಾಪಿ ನಿಧಾನವೇ? ಮೊದಲು ಆ ಅಂಕಿ ನೋಡಿ

ಅಣ್ಣ ಮದುವೆ ವಿಡಿಯೊ ತೆಗೆಯುತ್ತಾನೆ. ತುಮಕೂರಲ್ಲಿ ಮದುವೆ ಸೀಸನ್ ಶುರುವಾದರೆ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ದಿನಾ ಮೆಮೊರಿ ಕಾರ್ಡ್ ಖಾಲಿ ಮಾಡುವ ಕೆಲಸ. ಕೆಳಗಿರುವ ಅವನ ಕಂಪ್ಯೂಟರಿನಿಂದ ಮಹಡಿ ಮೇಲಿನ ನನ್ನ ಪಿಸಿಗೆ 60 ಜಿಬಿ ಹೋಗಲು ಒಂದೂವರೆ ಗಂಟೆ ಬೇಕಿತ್ತು. "ಕಂಪ್ಯೂಟರ್ ಸೈನ್ಸ್ ಓದ್ತಿದೀಯಲ್ಲೋ, ಇದನ್ನ ಸ್ವಲ್ಪ ನೋಡು" ಅಂದ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನನಗೆ ಅರ್ಥವಾಗಿದ್ದೇ ಅವತ್ತು.

ಮೊದಲು ಮಾಡಿದ ತಪ್ಪು, ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದ್ದು. "ದೊಡ್ಡ ಪ್ಲಾನ್ ಹಾಕಿಸ್ಕೊಳ್ಳಿ ಸರ್" ಅಂದರು. ಮನೆಯೊಳಗಿನ ಕಾಪಿಗೂ ಪ್ಲಾನಿಗೂ ಸಂಬಂಧವೇ ಇಲ್ಲ. ಫೈಲ್ ರೂಟರ್ ತನಕ ಹೋಗಿ ಅಲ್ಲಿಂದಲೇ ಇನ್ನೊಂದು ಪೋರ್ಟಿಗೆ ತಿರುಗುತ್ತದೆ, ಬೀದಿಗೆ ಇಳಿಯುವುದೇ ಇಲ್ಲ. ಹೊರಗಿನ ಫೈಬರ್ ಕಿತ್ತಿಟ್ಟರೂ ಕಾಪಿ ನಡೆಯುತ್ತದೆ.

ಏನನ್ನೂ ಮುಟ್ಟುವ ಮೊದಲು ಕಾಪಿ ವಿಂಡೋದಲ್ಲಿ ಕಾಣುವ ವೇಗ ಬರೆದುಕೊಳ್ಳಿ. ನಮ್ಮದು ಸೆಕೆಂಡಿಗೆ 11.2 ಎಂಬಿ. ಏರಲಿಲ್ಲ, ಇಳಿಯಲಿಲ್ಲ, ಗೆರೆ ಎಳೆದ ಹಾಗೆ ನಿಂತಿತ್ತು. ಹೀಗೆ ಅಲುಗಾಡದೆ ನಿಂತರೆ ಯಾವುದೋ ಮಿತಿಗೆ ತಲೆ ತಾಗಿದೆ ಎಂದೇ ಲೆಕ್ಕ. ಯಾವ ಮಿತಿ? ಲಿಂಕಿನ ವೇಗ ಹೇಳುವುದು ಮೆಗಾಬಿಟ್‌ನಲ್ಲಿ, ವಿಂಡೋಸ್ ಕಾಪಿ ತೋರಿಸುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿ ಒಂದು ಬೈಟ್. ಹಾಗಾಗಿ 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್. ಫೈಲ್ ಹೋಗುವುದು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ. ಪ್ರತಿ ತುಂಡಿಗೂ ಅಂಟಿಸುವ ವಿಳಾಸಚೀಟಿಗೆ, ಅಂದರೆ ಹೆಡರ್‌ಗೆ, ಅದರಲ್ಲಿ ನೂರಕ್ಕೆ ಐದರಷ್ಟು ಹೋಗುತ್ತದೆ. ಸಾಲದ್ದಕ್ಕೆ ವಿಂಡೋಸ್ ಸಾವಿರದ ಬದಲು 1024ರ ಲೆಕ್ಕ ಹಿಡಿಯುತ್ತದೆ, ಅಂಕಿ ಇನ್ನಷ್ಟು ಚಿಕ್ಕದಾಗುತ್ತದೆ. ಉಳಿಯುವುದು 11 ಚಿಲ್ಲರೆ. ಗಿಗಾಬಿಟ್, ಅಂದರೆ 1000 ಮೆಗಾಬಿಟ್ ಲಿಂಕ್ ಇದ್ದರೆ 112ರ ಹತ್ತಿರ ಬರಬೇಕಿತ್ತು.

ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ ನೋಡಿದೆ. ಅಣ್ಣನದು 1000, ನನ್ನದು 100. ಅಗ್ಗದ ರೂಟರ್‌ಗಳ ಪೋರ್ಟೇ 100ರದ್ದು ಇರುತ್ತದೆ, ಅದನ್ನೂ ನೋಡಿಕೊಳ್ಳಿ. ನಮ್ಮದು ಗಿಗಾಬಿಟ್, ನನ್ನ ಪಿಸಿಯ ನೆಟ್‌ವರ್ಕ್ ಕಾರ್ಡೂ ಗಿಗಾಬಿಟ್. ಉಳಿದಿದ್ದು ಕೇಬಲ್.

ಇಲ್ಲಿ ಸ್ವಲ್ಪ ನಿಲ್ಲೋಣ. ಕೇಬಲಿನೊಳಗೆ 8 ತಂತಿ, ಅಂದರೆ 4 ಜೋಡಿ. 100ರ ಲಿಂಕಿಗೆ ಎರಡೇ ಜೋಡಿ ಸಾಕು: ಪಿನ್ 1, 2, 3, 6. ತಾಮ್ರದ ಕೇಬಲಿಗೆ 1999ರಲ್ಲಿ ಬಂದ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಉಳಿದ ನಾಲ್ಕು ಪಿನ್ನಿನಲ್ಲಿ ಒಂದು ಕೈಕೊಟ್ಟರೂ ನೆಟ್ ಬರುತ್ತಿರುತ್ತದೆ, ದೀಪ ಮಿನುಗುತ್ತಿರುತ್ತದೆ. ಎಷ್ಟೋ ಕಾರ್ಡುಗಳು ಗಿಗಾಬಿಟ್‌ಗೆ ಪ್ರಯತ್ನಿಸಿ, ಆಗದಿದ್ದರೆ ಸುಮ್ನೆ 100ಕ್ಕೆ ಇಳಿದುಬಿಡುತ್ತವೆ. ಪೂರ್ತಿ ಕೆಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಅಲ್ವಾ?

ಗೆಳೆಯನ ಹತ್ತಿರ ಕೇಬಲ್ ಟೆಸ್ಟರ್ ಇತ್ತು. 1ರಿಂದ 7ರ ತನಕ ದೀಪ ಒಂದಾದ ಮೇಲೊಂದು ಹತ್ತಿತು. 8 ಹತ್ತಲಿಲ್ಲ. ಕೇಬಲ್ ತುದಿಯ ಕ್ಲಿಪ್ಪನ್ನು ಕಿಟಕಿ ಬೆಳಕಿಗೆ ಹಿಡಿದೆ. ಏಳು ತಂತಿಗಳ ತಾಮ್ರ ಪ್ಲಾಸ್ಟಿಕ್ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತಿತ್ತು. ಕಂದು ತಂತಿ ಮಾತ್ರ ಅರ್ಧ ಅಕ್ಕಿಕಾಳಿನಷ್ಟು ಗಿಡ್ಡ, ತುದಿ ಮುಟ್ಟಿರಲಿಲ್ಲ. ಕ್ರಿಂಪ್ ಮಾಡಿದ್ದು, ಅಂದರೆ ತಂತಿಗಳನ್ನು ಕ್ಲಿಪ್ಪಿಗೆ ಒತ್ತಿ ಕೂರಿಸಿದ್ದು ನಾನೇ, ಎರಡನೇ ಸೆಮಿಸ್ಟರಲ್ಲಿ. ಅಣ್ಣನಿಗೆ ಇನ್ನೂ ಹೇಳಿಲ್ಲ.

ಹೊಸ ಕ್ಲಿಪ್ ಹಾಕಿದೆ, ಲಿಂಕ್ 1000 ಆಯಿತು. ಕಾಪಿ ಮಾತ್ರ 35ಕ್ಕೆ ಬಂದು ನಿಂತಿತು! ಮತ್ತೆ ಕೇಬಲ್ ಕೀಳುವವನಿದ್ದೆ. ಅದರ ಬದಲು ಐಪರ್ಫ್ ಎಂಬ ಉಚಿತ ಪ್ರೋಗ್ರಾಂ ಎರಡೂ ಕಡೆ ಹಾಕಿದೆ. ಅದು ಡಿಸ್ಕ್ ಮುಟ್ಟದೆ ಬರೀ ನೆಟ್‌ವರ್ಕ್ ಅಳೆಯುತ್ತದೆ. 940 ಮೆಗಾಬಿಟ್ ತೋರಿಸಿತು, ಅಂದರೆ ದಾರಿ ಸರಿಯಿದೆ. ತಕರಾರು ಇಳಿಸಿಕೊಳ್ಳುವ ಕಡೆ. ನನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಯುಎಸ್‌ಬಿ 2.0 ಪೋರ್ಟಿನಲ್ಲಿತ್ತು. ಹೆಸರಿಗೆ 480 ಮೆಗಾಬಿಟ್, ಕೈಗೆ ಸಿಗುವುದು 30ರಿಂದ 40 ಎಂಬಿ. ಪಕ್ಕದ ನೀಲಿ ಯುಎಸ್‌ಬಿ 3.0 ಪೋರ್ಟಿಗೆ ಚುಚ್ಚಿದೆ. 100ರ ಹತ್ತಿರ ಹೋಯಿತು, 60 ಜಿಬಿ ಹತ್ತೇ ನಿಮಿಷ.

ವೈಫೈ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎರಡೂ ಕಂಪ್ಯೂಟರ್ ಒಂದೇ ವೈಫೈ ಚಾನೆಲ್‌ನಲ್ಲಿದ್ದರೆ ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಹೋಗಬೇಕು, ವೇಗ ಅರ್ಧವಾಗುತ್ತದೆ. ಒಂದಕ್ಕಾದರೂ ಕೇಬಲ್ ಹಾಕಿ.

ಆಮೇಲೊಂದು ದಿನ ಅಣ್ಣ ಆಲ್ಬಂ ಫೋಲ್ಡರ್ ಕಳಿಸಿದ. ಸಾವಿರಾರು ಪುಟ್ಟ ಪುಟ್ಟ ಫೈಲ್. ವೇಗ ಮತ್ತೆ 3, 8, 2 ಅಂತ ಕುಣಿಯತೊಡಗಿತು. ಗೆರೆಯ ಹಾಗೆ ನಿಂತಿರಲಿಲ್ಲ, ಹಾಗಾಗಿ ಇದು ಲಿಂಕಿನ ಮಿತಿ ಅಲ್ಲ. ಪ್ರತಿ ಫೈಲಿಗೂ ತೆರೆ, ಹೆಸರು ಬರೆ, ಮುಚ್ಚು ಎಂಬ ಮಾತುಕತೆ ಎರಡೂ ಕಡೆ ನಡೆಯಬೇಕು. ತೆಂಗಿನಕಾಯಿ ಲೋಡ್ ಮಾಡುವಾಗ ಒಂದೊಂದು ಕಾಯಿಗೂ ಲೆಕ್ಕದ ಪುಸ್ತಕ ತೆಗೆದು ಬರೆದರೆ ಲಾರಿ ಯಾವಾಗ ತುಂಬಬೇಕು? ಚೀಲಕ್ಕೆ ತುಂಬಿ ಎತ್ತಬೇಕು. ಇಲ್ಲಿ ಚೀಲ ಅಂದರೆ ಜಿಪ್, ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟುವುದು. ಫೋಟೊಗಳು ಮೊದಲೇ ಕುಗ್ಗಿಸಿದ ಫೈಲ್‌ಗಳು, ಜಿಪ್ಪಿನಲ್ಲಿ ಇನ್ನೇನೂ ಚಿಕ್ಕದಾಗುವುದಿಲ್ಲ. ಹಾಗಾಗಿ ಕಂಪ್ರೆಷನ್ ಆಯ್ಕೆಯಲ್ಲಿ 'ಸ್ಟೋರ್' (ಕುಗ್ಗಿಸದೆ ಬರೀ ತುಂಬುವುದು) ಇಡಿ, ಇಲ್ಲವಾದರೆ ಉಳಿಸಿದ ಸಮಯ ಜಿಪ್ ಮಾಡುವುದರಲ್ಲೇ ಹೋಗುತ್ತದೆ.