ಖಾಲಿ ಹಾಸಿಗೆಯ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಬೆಂಗಳೂರಿನ ನೋಂದಾಯಿತ ಆಸ್ಪತ್ರೆಯೊಂದರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕಾರ್ಡಿನ ರೋಗಿ ದಾಖಲಾದಾಗ, ಶಸ್ತ್ರಚಿಕಿತ್ಸೆ ಆರಂಭವಾಗುವ ಮೊದಲೇ ಅದರ ಬೆಲೆ ಗೊತ್ತಾಗಿರುತ್ತದೆ. ವೈದ್ಯರು ಸೂಚಿಸಿದ ಚಿಕಿತ್ಸೆಗೆ ಒಂದು ಸಂಕೇತ ಸಂಖ್ಯೆಯಿದೆ, ಆ ಸಂಖ್ಯೆಗೆ ಒಂದು ಪ್ಯಾಕೇಜ್ ದರ, ಅಂದರೆ ಇಡೀ ಚಿಕಿತ್ಸೆಗೆ ಸೇರಿಸಿ ಮೊದಲೇ ಗೊತ್ತುಮಾಡಿದ ಒಂದೇ ಮೊತ್ತವಿದೆ. ಪೂರ್ವಾನುಮತಿ ಸಿಕ್ಕಿ, ಚಿಕಿತ್ಸೆ ಮುಗಿದು, ಆಸ್ಪತ್ರೆ ಕ್ಲೇಮ್ ಸಲ್ಲಿಸಿದ ಮೇಲೆ ಯೋಜನೆಯನ್ನು ನಡೆಸುವ ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪಾವತಿಸುವುದು ಆ ದರವನ್ನೇ. ಆದರೆ ಆ ದರ ಸರಿಯಾಗಿದೆಯೇ ಎಂದು ಕೇಳಿದೊಡನೆ ನಾವು ಅಳತೆಯ ವಿಜ್ಞಾನದ ಒಂದು ಕಠಿಣ ಸಮಸ್ಯೆಯೊಳಗೆ ಕಾಲಿಡುತ್ತೇವೆ.

ಒಂದು ಕಾಲ್ಪನಿಕ ವಾರ್ಡನ್ನು ತೆಗೆದುಕೊಳ್ಳೋಣ. ಅದರಲ್ಲಿ 30 ಹಾಸಿಗೆಗಳಿವೆ. ಶುಶ್ರೂಷಕಿಯರ ಸಂಬಳ, ಕಟ್ಟಡ, ವಿದ್ಯುತ್, ಉಪಕರಣಗಳ ಸವಕಳಿ ಎಲ್ಲ ಸೇರಿ ತಿಂಗಳಿಗೆ 18 ಲಕ್ಷ ರೂಪಾಯಿ ಸ್ಥಿರ ಖರ್ಚು. ಪ್ರತಿದಿನ 24 ಹಾಸಿಗೆಗಳು ತುಂಬಿದ್ದರೆ ತಿಂಗಳಿಗೆ 720 ಹಾಸಿಗೆ-ದಿನಗಳಾಗಿ, ಒಂದು ದಿನದ ಖರ್ಚು 2,500 ರೂಪಾಯಿ ಬರುತ್ತದೆ. ಹದಿನೈದೇ ತುಂಬಿದ್ದರೆ 450 ದಿನಗಳು, ಖರ್ಚು 4,000 ರೂಪಾಯಿ. ಚಿಕಿತ್ಸೆ ಅದೇ, ವೈದ್ಯರು ಅವರೇ, ಔಷಧವೂ ಅದೇ. ಹೀಗಿರುವಾಗ ಸರ್ಕಾರ ಯಾವ ಸಂಖ್ಯೆಯನ್ನು ಆಧಾರವಾಗಿ ಹಿಡಿಯಬೇಕು? ನಾಲ್ಕು ಸಾವಿರವನ್ನು ಹಿಡಿದರೆ ಖಾಲಿ ಹಾಸಿಗೆಗಳಿಗೂ ತೆರಿಗೆ ಹಣ ಕೊಟ್ಟಂತಾಗುತ್ತದೆ. ಎರಡೂವರೆ ಸಾವಿರವನ್ನು ಹಿಡಿದರೆ, ರೋಗಿಗಳ ಸಂಖ್ಯೆ ಸಹಜವಾಗಿಯೇ ಕಡಿಮೆಯಿರುವ ತಾಲ್ಲೂಕು ಮಟ್ಟದ ಆಸ್ಪತ್ರೆ ನಷ್ಟ ತಾಳಲಾರದೆ ಯೋಜನೆಯಿಂದ ಹೊರಬೀಳುತ್ತದೆ. ದರ ಪರಿಷ್ಕರಣೆಯ ಚರ್ಚೆಗಳಲ್ಲಿ ಅತಿ ಕಡಿಮೆ ಮಾತಿಗೆ ಬರುವ ಪ್ರಶ್ನೆ ಇದೇ ಎಂಬುದು ನನ್ನ ಅನಿಸಿಕೆ.

ಚಿಕಿತ್ಸೆಗೆ ದರ ಕಟ್ಟುವುದು ಹೇಗೆಂಬುದಕ್ಕೆ ಒಂದು ಉತ್ತರವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ರೂಪಿಸಿದರು. ಒಂದೇ ಬಗೆಯ ಸಂಪನ್ಮೂಲ ಬೇಡುವ ರೋಗಿಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಅದರ ಖರ್ಚಿಗೆ ತಕ್ಕ ಒಂದು ತೂಕ ಕೊಟ್ಟು, ಆ ತೂಕವನ್ನು ಮೂಲ ದರದಿಂದ ಗುಣಿಸುವ ಕ್ರಮವದು. ಮುಖ್ಯವಾಗಿ ಹಿರಿಯ ನಾಗರಿಕರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಮೆಡಿಕೇರ್ ಆರೋಗ್ಯ ವಿಮಾ ಯೋಜನೆ 1983ರ ಅಕ್ಟೋಬರಿನಿಂದ ಅದನ್ನು ಅಳವಡಿಸಿಕೊಂಡಿತು. ಎಷ್ಟು ದಿನ ಇಟ್ಟುಕೊಂಡರೂ ಹಣ ಅಷ್ಟೇ ಎಂದಾದ ಮೇಲೆ ರೋಗಿಗಳು ಆಸ್ಪತ್ರೆಯಲ್ಲಿ ಉಳಿಯುವ ಅವಧಿ ಕುಗ್ಗಿತು. ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಮನೆಗೆ ಕಳಿಸುತ್ತಾರೆಂಬ ಆತಂಕವೂ, ಕಾಯಿಲೆಯನ್ನು ದಾಖಲೆಯಲ್ಲಿ ಇರುವುದಕ್ಕಿಂತ ತೀವ್ರವೆಂದು ಬರೆಯುವ ಚಾಳಿಯೂ ಜೊತೆಗೇ ಬಂದವು. ಆದರೂ ಆ ವ್ಯವಸ್ಥೆಯ ಒಂದು ಗುಣವನ್ನು ಮೆಚ್ಚಲೇಬೇಕು: ದರಗಳ ಪರಿಷ್ಕರಣೆ ಪ್ರತಿ ವರ್ಷವೂ ನಡೆಯುತ್ತದೆ.

ನಮ್ಮಲ್ಲಿ ಅಂಥ ನಿಯಮಿತತೆ ಇಲ್ಲ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ಬಹುಪಾಲು ದರಗಳು 2014ರಲ್ಲಿ ನಿಗದಿಯಾದವು. 2023ರಲ್ಲಿ ಸಮಾಲೋಚನೆ ಮತ್ತು ವಾರ್ಡಿನ ದರಗಳಷ್ಟೇ ಬದಲಾದವು, ಸಮಗ್ರ ಪರಿಷ್ಕರಣೆ ಬಂದದ್ದು 2025ರ ಅಕ್ಟೋಬರಿನಲ್ಲಿ. ಆ ದಶಕದುದ್ದಕ್ಕೂ ಸಂಬಳ, ಬಾಡಿಗೆಗಳು ಏರುತ್ತಲೇ ಇದ್ದವು. ದರ ವಾಸ್ತವಕ್ಕಿಂತ ಕೆಳಗೆ ಬಿದ್ದಾಗ ಆಸ್ಪತ್ರೆಗಳು ಲಾಭವಿರುವ ಚಿಕಿತ್ಸೆಗಳನ್ನಷ್ಟೇ ಆರಿಸಿಕೊಳ್ಳುತ್ತವೆ, ಇಲ್ಲವೇ ಹೊರಗಿನಿಂದ ಔಷಧ ತರುವಂತೆ ರೋಗಿಯ ಮನೆಯವರಿಗೆ ಚೀಟಿ ಬರೆದುಕೊಡುತ್ತವೆ. ನಗದುರಹಿತ ಎಂದು ನಂಬಿ ಬಂದ ಕುಟುಂಬಕ್ಕೆ ಆ ಚೀಟಿಯಿಂದಾಗುವ ಗಾಸಿ ಸಣ್ಣದಲ್ಲ.

ಪರಿಷ್ಕರಣೆಯೆಂದರೆ ಏರಿಕೆಯೆಂದೇ ಅರ್ಥವಲ್ಲ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ಹೃದಯದ ರಕ್ತನಾಳವನ್ನು ತೆರೆದಿಡಲು ಅಳವಡಿಸುವ ಔಷಧಲೇಪಿತ ಸ್ಟೆಂಟಿನ ಗರಿಷ್ಠ ಬೆಲೆಯನ್ನು 29,600 ರೂಪಾಯಿಗೆ ಇಳಿಸಿತು. ಹೀಗೆ ಒಳಗಿನ ಒಂದು ವಸ್ತು ಅಗ್ಗವಾದಾಗ ಅದನ್ನೊಳಗೊಂಡ ಪ್ಯಾಕೇಜಿನ ಲೆಕ್ಕವನ್ನೂ ಮತ್ತೆ ಹಾಕಬೇಕಾಗುತ್ತದೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಮುನ್ನಡೆಸಿದ ರಾಷ್ಟ್ರೀಯ ವೆಚ್ಚ ಅಧ್ಯಯನದ ಅಂಕಿಅಂಶಗಳನ್ನೂ ಬಳಸಿಕೊಂಡು 2019ರಲ್ಲಿ ಆಯುಷ್ಮಾನ್ ಭಾರತ್ ದರಪಟ್ಟಿಯನ್ನು ತಿದ್ದಿದಾಗ ಅನೇಕ ದರಗಳು ಏರಿದವು, ಕೆಲವು ಇಳಿದವು. 2022ರ ಪಟ್ಟಿಯಲ್ಲಿ ನಗರದ ವರ್ಗಕ್ಕೆ ತಕ್ಕಂತೆ ದರ ಬದಲಾಗುವ ಏರ್ಪಾಡೂ ಬಂದಿತು. ಜಯನಗರದ ಬಾಡಿಗೆಯೂ ಯಾದಗಿರಿಯ ಬಾಡಿಗೆಯೂ ಒಂದೇ ಅಲ್ಲ ಎಂಬ ಸರಳ ಸತ್ಯಕ್ಕೆ ಕೊನೆಗೂ ಮನ್ನಣೆ ಸಿಕ್ಕಿತು. ಜಯದೇವ, ಕಿದ್ವಾಯಿಯಂಥ ಸಂಸ್ಥೆಗಳಿಗೆ ಸರ್ಕಾರದ ಅನುದಾನವೂ ಇರುವುದರಿಂದ, ಖಾಸಗಿ ಆಸ್ಪತ್ರೆಗೆ ಸಿಗುವ ದರದೊಡನೆ ಅವುಗಳ ದರವನ್ನು ಹೋಲಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಎಪಿಎಲ್ ಕುಟುಂಬಗಳಿಗೆ ಈ ಯೋಜನೆ ಭರಿಸುವುದು ಪ್ಯಾಕೇಜ್ ದರದ ಶೇಕಡಾ 30ನ್ನು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಪ್ಯಾಕೇಜನ್ನು 1,20,000ಕ್ಕೆ ಏರಿಸಿದರೆ ಸರ್ಕಾರದ ಪಾಲು 30,000ದಿಂದ 36,000ಕ್ಕೆ ಹೋಗುತ್ತದೆ, ರೋಗಿಯ ಪಾಲು 70,000ದಿಂದ 84,000ಕ್ಕೆ. ಅಂದರೆ ಏರಿಸಿದ ಇಪ್ಪತ್ತು ಸಾವಿರದಲ್ಲಿ ಹದಿನಾಲ್ಕು ಸಾವಿರವನ್ನು ತೆರುವವರು, ಬಿಪಿಎಲ್ ಗೆರೆಯಿಂದ ಕೂದಲೆಳೆಯಷ್ಟೇ ಮೇಲಿರುವ ಆಟೋ ಚಾಲಕರಾಗಿರಬಹುದು, ಗಾರ್ಮೆಂಟ್ಸ್ ಕಾರ್ಮಿಕರಾಗಿರಬಹುದು. ಹಾಗಾಗಿ ದರ ಏರಿಸಲು ಕೂರುವ ಸಮಿತಿ ಅದೇ ಸಭೆಯಲ್ಲಿ ಈ ಶೇಕಡಾ 30ನ್ನೂ ಪರಿಶೀಲಿಸಬೇಕು, ಮತ್ತು ತಾನು ಹಾಸಿಗೆಗಳು ಎಷ್ಟರಮಟ್ಟಿಗೆ ತುಂಬಿರುತ್ತವೆಂದು ಭಾವಿಸಿ ಲೆಕ್ಕ ಹಾಕಿತೆಂಬುದನ್ನು ದರಪಟ್ಟಿಯ ಜೊತೆಯಲ್ಲೇ ಪ್ರಕಟಿಸಬೇಕು.